ಗೇಣು ಬಿಟ್ಟು ಕಟ್ಟುವ ಬಲೆ

ಯುಗಾದಿಯ ಹಿಂದಿನ ದಿನ ಬೆಳಿಗ್ಗೆ ಎಂಟೂಕಾಲಿಗೆ ನಾನೂ ನನ್ನ ಹೆಂಡತಿ ಜಯಮ್ಮನೂ ಮಂಡ್ಯದಲ್ಲಿ ಮದ್ದೂರಿನ ಬಸ್ಸು ಹತ್ತಿದೆವು. ನಾವು ಹೋಗಬೇಕಾಗಿದ್ದದ್ದು ಮಲವಳ್ಳಿಯ ಆಚೆಗೆ. ಮಂಡ್ಯದಿಂದ ಮಲವಳ್ಳಿಗೆ ನೇರ ಬಸ್ಸೇ ಇದೆ, ಮದ್ದೂರು ಸುತ್ತಿಕೊಂಡು ಹೋಗುವುದು ದಂಡ. ಮೂವತ್ನಾಲ್ಕು ವರ್ಷ ಬಸ್ಸುಗಳನ್ನು ತಡೆದು ನಿಲ್ಲಿಸಿ ಟಿಕೆಟ್ ತನಿಖೆ ಮಾಡಿದವನು ನಾನು, ಈ ತಾಲ್ಲೂಕುಗಳ ದಾರಿಯನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಮದ್ದೂರಿನಲ್ಲೇ ಸಣಬಿನ ಹುರಿ ಕೊಳ್ಳಬೇಕು ಎಂದು ಜಯಮ್ಮ ಹಟ ಹಿಡಿದಿದ್ದಳು. ಆಕೆ ಹಟ ಹಿಡಿದರೆ ಮುಗಿಯಿತು. ಇಪ್ಪತ್ತು ಕಿಲೋಮೀಟರಿಗೆ ನನಗೆ ಮೂವತ್ತು ರೂಪಾಯಿ, ಆಕೆಗೆ ಸೊನ್ನೆ ಟಿಕೆಟು. ಹಬ್ಬದ ಜನ, ನಿಂತೇ ಹೋದೆವು.

ಹೊರಟ ಕಾರಣ ಹೇಳಿಬಿಡುತ್ತೇನೆ. ನಾನು ಸಂಜೆ ಕೂರುವ ಪಾರ್ಕಿನ ಬೆಂಚಿನಲ್ಲಿ ಒಬ್ಬ ಗೆಳೆಯರಿದ್ದಾರೆ, ಅವರಿಗೆ ಟಿ.ವಿ.ಯಲ್ಲಿ ದೇಶವಿದೇಶದ ಬೇಟೆ ನೋಡುವ ಚಟ. ಮಂಗೋಲಿಯಾದಲ್ಲಿ ಹದ್ದನ್ನು ಮುಂಗೈ ಮೇಲೆ ಕೂರಿಸಿಕೊಂಡು ನರಿ ಹಿಡಿಯುತ್ತಾರಂತೆ. ಚೀನಾದಲ್ಲಿ ನೀರುಕಾಗೆಯ ಕೊರಳಿಗೆ ದಾರ ಸುತ್ತಿ ಮೀನು ಹಿಡಿಸುತ್ತಾರಂತೆ. ‘ನಮ್ಮ ಕಡೆ ಇಂಥದ್ದು ಏನಿದೆ ಹೇಳಿ?’ ಎಂದರು. ‘ಏನಿದೆ, ಮಣ್ಣು!’ ಎಂದೆ. ಮನೆಗೆ ಬಂದು ಈ ಮಾತನ್ನು ಜಯಮ್ಮನಿಗೆ ಹೇಳಿದ್ದು ತಪ್ಪಾಯಿತು. ಆಕೆ ಒಗ್ಗರಣೆಯ ಸೌಟು ಹಿಡಿದುಕೊಂಡೇ ತಿರುಗಿದಳು. ‘ನಮ್ಮಪ್ಪನ ಬಲೆ ಮಣ್ಣಾ? ಆ ಬಲೆ ಈ ಸಲ ಕಟ್ಟದೆ ಹೋದ್ರೆ ನಮ್ಮ ಮನೆ ಹೆಸರೇ ಹೋಗುತ್ತೆ. ನೀವು ಬರ್ತೀರಿ, ಬಲೆ ಕಟ್ತೀರಿ, ಅಷ್ಟೇ’ ಎಂದಳು.

ಜಯಮ್ಮನ ತವರು ಬೆಳಕವಾಡಿಯಿಂದ ಒಳಕ್ಕೆ ಇರುವ ಒಂದು ಕೊಪ್ಪಲು. ಊರಿನ ಹೆಸರು ಬರೆಯಬೇಡಿ ಎಂದು ಅಲ್ಲಿಯವರು ಕೇಳಿಕೊಂಡಿದ್ದಾರೆ, ಏಕೆಂದು ಮುಂದೆ ತಿಳಿಯುತ್ತದೆ. ಯುಗಾದಿಯ ಮಾರನೆಯ ದಿನ, ನಮ್ಮ ಕಡೆ ವರ್ಷತೊಡಕು ಎನ್ನುವ ಬಾಡೂಟದ ದಿನ, ಆ ಊರವರು ಗುಡ್ಡದ ಬುಡದಲ್ಲಿ ಸಾಲಾಗಿ ಬಲೆ ಕಟ್ಟಿ ಮೊಲದ ಬೇಟೆ ಆಡುತ್ತಾರೆ. ಹನ್ನೆರಡು ಮನೆಗೆ ಹನ್ನೆರಡು ಬಲೆ, ಒಂದೊಂದಕ್ಕೂ ಗೊತ್ತಾದ ಜಾಗ. ಯಾವ ಮನೆಯ ಬಲೆ ಮೂರು ಯುಗಾದಿ ಗೋಡೆಯ ಗೂಟದ ಮೇಲೇ ಉಳಿಯುತ್ತದೆಯೋ ಆ ಮನೆಯ ಜಾಗ ಹೋಯಿತು. ಆ ಬಲೆಯನ್ನು ಒಯ್ದು ಗುಡಿಯ ಬಿಲ್ವದ ಮರಕ್ಕೆ ಸುತ್ತಿಬಿಡುತ್ತಾರೆ, ಅದು ಅಲ್ಲೇ ಮಳೆಗೆ ಬಿಸಿಲಿಗೆ ಕರಗಬೇಕು. ಜಯಮ್ಮನ ಅಣ್ಣ ಸಿದ್ದೇಗೌಡ ತೀರಿಕೊಂಡ ಮೇಲೆ ಎರಡು ಯುಗಾದಿ ಆಗಿತ್ತು. ಇದು ಮೂರನೆಯದು. ಮನೆಯಲ್ಲಿ ಉಳಿದವಳು ಸಿದ್ದೇಗೌಡನ ಮಗಳು ಭಾಗ್ಯ ಒಬ್ಬಳೇ. ಹೆಂಗಸರು ಬಲೆ ಕಟ್ಟುವಂತಿಲ್ಲ.

ಮದ್ದೂರಿನಲ್ಲಿ ಪೇಟೆ ಬೀದಿಯ ಹಗ್ಗದ ಅಂಗಡಿಗೆ ಹೋದೆವು. ಅಂಗಡಿಯವನು ನೈಲಾನ್ ಉಂಡೆ ತೆಗೆದು ಮುಂದಿಟ್ಟ. ‘ಇದ್ನ ತಕಳಿ ಅಮ್ಮ, ನಿಮ್ ಮೊಮ್ಮಕ್ಳು ಕಾಲಕ್ಕೂ ಇಂಗೇ ಇರ್ತದೆ’ ಎಂದ.

‘ಬ್ಯಾಡ ಕಣಪ್ಪ. ನೈಲಾನು ಕಾಲು ಕುಯ್ತದೆ.’

‘ಯಾರ ಕಾಲ್ನ?’

ಜಯಮ್ಮ ನೈಲಾನ್ ಉಂಡೆಯನ್ನು ಹಿಂದಕ್ಕೆ ತಳ್ಳಿದಳು. ಅವನು ಒಳಗೆ ಹೋಗಿ ಧೂಳು ಕೊಡವಿ ಸಣಬಿನ ಹುರಿ ತಂದ. ಆಕೆ ಒಂದು ಮೊಳ ಎಳೆದು, ಹಲ್ಲಿನಲ್ಲಿ ಕಚ್ಚಿ ನೋಡಿ, ಎರಡು ಉಂಡೆ ಕೊಂಡಳು. ವಡೆ ತಿನ್ನದೆ ಮದ್ದೂರು ದಾಟಿದೆ ಎಂದರೆ ಓದುವವರು ನಂಬುವುದಿಲ್ಲ, ಅದಕ್ಕೆ ಹೇಳುತ್ತೇನೆ, ತಿಂದೆ. ಆರಿತ್ತು.

ಮಲವಳ್ಳಿಯ ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು. ಒಂದೊಂದರ ಹಿಂದೆಯೂ ಬಸ್ಸು ಹತ್ತು ನಿಮಿಷ ತೆವಳಿತು. ಕಂಡಕ್ಟರ್ ಹುಡುಗಿ ಮುಂದಿನಿಂದ ಹಿಂದಕ್ಕೆ ಬರುವಷ್ಟರಲ್ಲಿ ಇಬ್ಬರು ಟಿಕೆಟ್ ಇಲ್ಲದೆ ಇಳಿದುಹೋದರು. ನಾನು ನೋಡಿದೆ, ಬಾಯಿ ತೆರೆದೆ, ಜಯಮ್ಮ ಮೊಣಕೈಯಿಂದ ತಿವಿದಳು. ‘ನಿಮ್ಗೆ ರಿಟೈರ್ ಆಗಿದೆ’ ಎಂದಳು. ಮಲವಳ್ಳಿಯಲ್ಲಿ ಮುದ್ದೆ, ಹುರುಳಿಕಾಳಿನ ಸಾರು ಉಂಡೆವು. ಮುದ್ದೆ ಚೆನ್ನಾಗಿತ್ತು. ಅಲ್ಲಿಂದ ಬೆಳಕವಾಡಿಗೆ ಇನ್ನೊಂದು ಬಸ್ಸು, ಇಳಿದ ಮೇಲೆ ನಾಲೆಯ ಏರಿ ಹಿಡಿದು ನಡಿಗೆ. ಆಟೊ ಸಿಗುತ್ತದೆ ಎಂದಿದ್ದಳು, ಸಿಗಲಿಲ್ಲ. ಎರಡು ಗಂಟೆಯ ಬಿಸಿಲು ನೆತ್ತಿ ಸುಡುತ್ತಿತ್ತು.

ಭಾಗ್ಯ ಬಾಗಿಲಲ್ಲೇ ಇದ್ದಳು. ವಯಸ್ಸು ಇಪ್ಪತ್ತೊಂಬತ್ತು. ಊರಿನ ಹಾಲಿನ ಡೈರಿಯಲ್ಲಿ ಸೆಕ್ರೆಟರಿ. ತಾಯಿ ಮೊದಲೇ ಹೋಗಿದ್ದರು, ಈಗ ಎರಡು ಹಸು ಕಟ್ಟಿಕೊಂಡು ಆ ಮನೆಯಲ್ಲಿದ್ದಾಳೆ. ಮದುವೆಯ ಮಾತು ಎತ್ತಿದವರಿಗೆಲ್ಲ ಒಂದೇ ಉತ್ತರ, ‘ಆಯ್ತೀನಿ, ಆಗಲ್ಲ ಅಂದೋರ್ಯಾರು? ಆಗೋನು ಇಲ್ಲಿಗೇ ಬರ್ಲಿ.’

‘ಬನ್ನಿ ಮಾವ. ಈ ಬಿಸ್ಲಲ್ಲಿ ನಡ್ಕಂಡೇ ಬಂದ್ರಾ? ಫೋನ್ ಮಾಡಿದ್ರೆ ಗಾಡಿ ತತ್ತಿದ್ದೆ’ ಎಂದು ನನಗೆ ನೀರು ಕೊಟ್ಟಳು. ಅತ್ತೆಯನ್ನು ತಬ್ಬಿಕೊಂಡಳು.

ಬಲೆ ನಡುಮನೆಯ ಗೋಡೆಯಲ್ಲಿ, ತೊಲೆಯ ಹತ್ತಿರ, ಒಂದು ಮರದ ಗೂಟದ ಮೇಲಿತ್ತು. ಮಾವನವರೂ ಭಾವನೂ ಆರಡಿಯ ಆಳುಗಳು, ಅವರ ಕೈ ಅಳತೆಗೆ ಹೊಡೆದ ಗೂಟ ಅದು. ನನಗೂ ಎಟುಕಲಿಲ್ಲ. ಭಾಗ್ಯ ಸ್ಟೂಲು ತಂದು ಹತ್ತಿ, ತುದಿಗಾಲಲ್ಲಿ ನಿಂತು ಇಳಿಸಿದಳು. ಮಂಡಿಯುದ್ದ ಅಗಲ, ಮೂವತ್ತು ಮಾರು ಉದ್ದ, ಹೊಗೆ ಕುಡಿದು ಕಪ್ಪಾದ ಬಲೆ. ಇಲಿ ಕಡಿದು ಆರೇಳು ಕಡೆ ಕಣ್ಣು ಹರಿದಿತ್ತು. ಸಂಜೆಯವರೆಗೂ ಅತ್ತೆ ಸೊಸೆ ಎದುರುಬದುರು ಕುಳಿತು, ಕಾಲಿನ ಹೆಬ್ಬೆರಳಿಗೆ ಹುರಿ ಸಿಕ್ಕಿಸಿಕೊಂಡು ಕಣ್ಣು ಕಟ್ಟಿದರು. ಚಾಕು ಮುಟ್ಟಲಿಲ್ಲ, ಉಳಿದ ಹುರಿಯನ್ನು ಕಲ್ಲಿನಿಂದ ಜಜ್ಜಿ ತುಂಡು ಮಾಡಿದರು. ಕಬ್ಬಿಣ ಸೋಕಿದ ಬಲೆ ಸತ್ತ ಬಲೆಯಂತೆ, ಅದನ್ನು ಮತ್ತೆ ಸಾಲಿಗೆ ಸೇರಿಸುವುದಿಲ್ಲವಂತೆ.

‘ಇಷ್ಟೆಲ್ಲ ಒಂದು ಪಾಲು ಬಾಡಿಗಾ?’ ಎಂದು ನಾನು ಭಾಗ್ಯಳನ್ನು ಕೇಳಿದೆ.

ಅವಳು ತಲೆ ಎತ್ತಲಿಲ್ಲ. ‘ಬಾಡು ಅಂಗಡೀಲೂ ಸಿಕ್ತದೆ ಮಾವ. ಪಾಲಿನ ಗುಡ್ಡೆ ಆಕ್ವಾಗ ಬಲೆ ಇರೋ ಮನೆ ಎಸ್ರು ಕೂಗ್ತರೆ. ಎರಡು ವರ್ಸದಿಂದ ನಮ್ಮಪ್ಪನ ಎಸ್ರು ಬಂದಾಗ ಬಲೆ ಯಜಮಾನ್ರು ಒಂದ್ಗಳಿಗೆ ಸುಮ್ಕಾಯ್ತರೆ, ಆಮೇಕೆ ಮುಂದುಕ್ ಓಯ್ತರೆ. ಈ ಸಲ ಸುಮ್ಕಾಗೋದೂ ಇಲ್ಲ. ಕೂಗೋದು ಅಂಗಡೀಲಿ ಸಿಕ್ಕಲ್ಲ.’

ಹೋದ ವರ್ಷ ಅವಳೇ ಯಜಮಾನರ ಮನೆಗೆ ಹೋಗಿ ‘ನಾನು ಕಟ್ತೀನಿ’ ಎಂದು ಕೇಳಿದ್ದಳಂತೆ. ‘ನೀನು ಆಲು ಅಳಿ ಮಗ, ಬಲೆ ಗಂಡುಸ್ರು ಕೆಲ್ಸ’ ಎಂದು ನಕ್ಕು ಕಳಿಸಿದ್ದರಂತೆ. ಅದಕ್ಕೇ ನನಗೆ ಕರೆ ಬಂದದ್ದು. ಅಳಿಯ ಪೂರ್ತಿ ಮನೆಯವನಲ್ಲ, ಪೂರ್ತಿ ಹೊರಗಿನವನೂ ಅಲ್ಲ. ಈ ಒಂದು ವರ್ಷಕ್ಕೆ ನಡೆಯುತ್ತದೆ ಎಂದು ಜಯಮ್ಮ ಲೆಕ್ಕ ಹಾಕಿದ್ದಳು. ಮುಂದಿನ ವರ್ಷದ್ದು ಏನು ಎಂದು ನಾನು ಕೇಳಿದರೆ ‘ಬದುಕಿದ್ರೆ ನೋಡೋಣ’ ಎಂದಳು.

ಮಾರನೆಯ ದಿನ ಯುಗಾದಿ. ಎಣ್ಣೆ ಸ್ನಾನ, ಬೇವು ಬೆಲ್ಲ, ಒಬ್ಬಟ್ಟು. ಬೇವು ನನ್ನ ಪಾಲಿಗೇ ಹೆಚ್ಚು ಬಂತು. ಊಟವಾದ ಮೇಲೆ ಬಲೆ ಯಜಮಾನ ಬೋರೇಗೌಡರ ಮನೆಗೆ ಹೋದೆ. ಎಪ್ಪತ್ತೈದರ ಮೇಲಿನ ವಯಸ್ಸು, ಒಂದು ಕಣ್ಣಿಗೆ ಪೊರೆ. ಜಗುಲಿಯ ಮೇಲೆ ಎಲೆಯಡಿಕೆ ಕುಟ್ಟುತ್ತ ಕುಳಿತಿದ್ದರು. ಜಯಮ್ಮ ಹಿಂದೆಯೇ ಬಂದು ಬಾಗಿಲ ಮರೆಯಲ್ಲಿ ನಿಂತಳು.

‘ಕೂತ್ಕಳಿ ಅಳಿಯಂದ್ರೇ. ಸಿದ್ದೇಗೌಡನ ಬಲೆ ನೀವು ಕಟ್ತೀರಂತೆ? ಕಟ್ಟಿ, ಬ್ಯಾಡ ಅನ್ನಕಿಲ್ಲ. ಕಟ್ಟದು ಗೊತ್ತಾ?’

‘ನಾನು ಯೋಳ್ಕೊಡ್ತೀನಿ ಕಣ್ ದೊಡ್ಡಪ್ಪ, ನಮ್ಮಪ್ಪ ಕಟ್ತಿದ್ದಂಗೇ’ ಎಂದಳು ಜಯಮ್ಮ ಮರೆಯಿಂದ.

‘ಸರಿ ಬುಡು ಮತ್ತೆ’ ಎಂದರು ಬೋರೇಗೌಡರು.

ನಾನು ಬೇಟೆಯ ಕಟ್ಟಳೆ ಕೇಳಿದೆ. ಅವರು ಒಂದೊಂದಾಗಿ ಹೇಳಿದರು, ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಬಲೆಯ ಹಿಂದೆ ಒಬ್ಬನೇ ಕೂರಬೇಕು. ಅವನು ಕಂಡದ್ದೇ ಸಾಕ್ಷಿ, ಅವನ ಮಾತನ್ನು ಯಾರೂ ಎರಡನೇ ಸಲ ಕೇಳುವಂತಿಲ್ಲ. ಹಿಂದೆ ಮೊಲವನ್ನು ಹಿಡಿದು ಪಾಲು ಹಾಕುತ್ತಿದ್ದರು. ಬಸುರಿ ಹೆಂಗಸಿಗೆ ಎರಡು ಪಾಲು, ಓಡಿದ ನಾಯಿಗೆ ಒಂದು. ಮೊದಲು ಮುಟ್ಟಿದ ಕೈಗೆ ತಲೆ. ಆ ವರ್ಷದ ಮಟ್ಟಿಗಷ್ಟೇ ಅಲ್ಲ, ಮುಂದಕ್ಕೂ ಆ ಬಲೆ ಆ ಕೈಯವರ ಹೆಸರಿಗೇ ಹೋಗುತ್ತಿತ್ತು. ಈಗ ಮೊಲ ಮುಟ್ಟಿದರೆ ಜೈಲು. ಆದ್ದರಿಂದ ಊರವರು ಕುರಿ ತಂದು ಅದರಲ್ಲಿ ಅದೇ ಪಾಲುಗಳನ್ನು ಹಾಕುತ್ತಾರೆ, ಗುಡ್ಡೆ ಬಾಡು.

‘ಇವಾಗ ರಕ್ತ ಇಲ್ಲ ಅಳಿಯಂದ್ರೇ. ಅದು ಬತ್ತದೆ, ಓಯ್ತದೆ. ಯಾರ್ ಬಲೆ ತಾವ ಓಯ್ತೋ ಅವ್ರ್ ಮನೆಗೆ ಕುರಿ ತಲೆ. ರಕ್ತ ಬಿತ್ತೋ, ಊರಿಗೇ ಮೈಲ್ಗೆ.’

ಬಲೆ ಕಟ್ಟಿದ ಮೇಲೆ ಅದು ಹೇಗೆ ಹೋಗುತ್ತದೆ ಎಂದು ನಾನು ಕೇಳಲಿಲ್ಲ. ತನಿಖೆಯವನು ಕೇಳಬೇಕಿತ್ತು. ಕೇಳಲಿಲ್ಲ.

ಸಂಜೆ ಭಾಗ್ಯ ಡೈರಿಗೆ ಹಾಲು ಅಳೆಯಲು ಹೋಗಿದ್ದಾಗ ಜಯಮ್ಮ ಹಿತ್ತಲಲ್ಲಿ ನನಗೆ ಪಾಠ ಮಾಡಿದಳು. ಕವೆಗೋಲು ನೆಟ್ಟು ಅದರ ಕವಲಿನ ಮೇಲೆ ಬಲೆಯ ಮೇಲಿನ ಹುರಿಯನ್ನು ಹಗುರವಾಗಿ ಕೂರಿಸಬೇಕು, ಮುಟ್ಟಿದರೆ ಬೀಳುವ ಹಾಗೆ. ಕೆಳಗಿನ ಹುರಿಯನ್ನು ನೆಲಕ್ಕೆ ಬಿಗಿಯಾಗಿ ಗೂಟ ಹೊಡೆದು ಕಚ್ಚಿಸಬೇಕು, ಬೆರಳು ನುಗ್ಗಬಾರದು. ಅರವತ್ತೆರಡು ವರ್ಷದ ಹೆಂಗಸು ಮಣ್ಣಿನಲ್ಲಿ ಮಂಡಿಯೂರಿ ‘ಇಂಗಲ್ಲ, ಇಂಗೆ’ ಎನ್ನುತ್ತ ನನ್ನ ಕೈ ಹಿಡಿದು ಕಲಿಸಿದಳು. ಹತ್ತು ವರ್ಷದವಳಿದ್ದಾಗ ಅಪ್ಪನನ್ನು ನೋಡಿ ಕಲಿತದ್ದಂತೆ. ನಾನು ಐದು ಸಲ ಕಟ್ಟಿ ಬಿಚ್ಚಿದೆ. ಆರನೆಯ ಸಲಕ್ಕೆ ಪಾಸು ಮಾಡಿದಳು. ಆಕೆಯ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ನೋಡಿ ಬಹಳ ಕಾಲವಾಗಿತ್ತು, ನನಗೂ ಹಿತವೆನಿಸಿತು.

ವರ್ಷತೊಡಕಿನ ದಿನ ಏಳು ಗಂಟೆಗೆ ಗುಡಿಯ ಮುಂದೆ ಬಲೆಗಳಿಗೆ ಪೂಜೆಯಾಯಿತು. ನಾಯಿಗಳನ್ನು ಮನೆಗಳಲ್ಲೇ ಕಟ್ಟಿಹಾಕಿದ್ದರು, ಊರೆಲ್ಲ ಅವುಗಳದೇ ಗೋಳು. ಗುಡ್ಡ ಊರಿನಿಂದ ಒಂದೂವರೆ ಕಿಲೋಮೀಟರು. ಗುಡ್ಡ ಎಂದರೆ ಬೆಟ್ಟವಲ್ಲ, ಕಬ್ಬಿನ ಗದ್ದೆಗಳ ನಡುವೆ ನೀರು ಹತ್ತದೆ ಉಳಿದ ಬಂಡೆ, ಲಂಟಾನ, ಜಾಲಿ. ಅದಕ್ಕೆ ಮುಂಚೆ ದಾರಿಯಲ್ಲಿ ಒಂದು ಬಸವನ ಕಲ್ಲಿದೆ. ಹೆಂಗಸರು ಆ ಕಲ್ಲಿನವರೆಗೆ ಮಾತ್ರ. ಮಜ್ಜಿಗೆಯ ಗಡಿಗೆ ಇಟ್ಟುಕೊಂಡು ಅಲ್ಲೇ ನಿಂತರು. ಜಯಮ್ಮನೂ ಭಾಗ್ಯಳೂ ಅಲ್ಲಿ ಉಳಿದರು. ‘ಉಸಾರು ಮಾವ’ ಎಂದಳು ಭಾಗ್ಯ. ಅವಳ ಕೈ ಬಲೆಯ ಗಂಟಿನ ಮೇಲೆ ಒಂದು ಕ್ಷಣ ಹೆಚ್ಚೇ ನಿಂತಿತು.

ನಮ್ಮ ಜಾಗ ಸಾಲಿನ ಕೊನೆ, ಎರಡು ಬಂಡೆಗಳ ನಡುವೆ. ಪಕ್ಕದ ಬಲೆ ನಲವತ್ತು ಹೆಜ್ಜೆ ದೂರ, ನಡುವೆ ಲಂಟಾನದ ಪೊದೆ, ಒಬ್ಬರಿಗೊಬ್ಬರು ಕಾಣುವುದಿಲ್ಲ. ಅರಣ್ಯದ ವಾಚರ್ ಕೂಡ ಬಂದಿದ್ದ, ಪ್ರತಿವರ್ಷವೂ ಬರುತ್ತಾನಂತೆ. ಮೊದಲ ಏಳೆಂಟು ಬಲೆಗಳ ಕೆಳಗೆ ಬಗ್ಗಿ ಬಗ್ಗಿ ಕೈಯಾಡಿಸಿ ನೋಡಿದ. ಏಕೆಂದು ನನಗೆ ಅರ್ಥವಾಗಲಿಲ್ಲ. ಬಿಸಿಲೇರಿತು, ಅವನು ಹೊಂಗೆಯ ನೆರಳಿಗೆ ಹೋಗಿ ಕುಳಿತ. ನಮ್ಮ ಕಡೆ ಬರಲಿಲ್ಲ. ನಾನು ಕವೆಗೋಲು ನೆಟ್ಟು, ಪಾಠದಂತೆಯೇ ಕಟ್ಟಿದೆ. ಗೂಟಗಳನ್ನು ಕಲ್ಲಿನಿಂದ ಹೊಡೆದು ನೆಲಕ್ಕೆ ಕಚ್ಚಿಸಿದೆ. ಬೆರಳು ನುಗ್ಗಿಸಿ ನೋಡಿದೆ, ನುಗ್ಗಲಿಲ್ಲ. ನನ್ನ ಕೆಲಸದಲ್ಲಿ ಯಾರೂ ತಪ್ಪು ಹುಡುಕುವ ಹಾಗಿರಲಿಲ್ಲ.

ಬಂಡೆಯ ಹಿಂದೆ ಕುಳಿತೆ. ಒಂಬತ್ತೂವರೆಗೆ ಗುಡ್ಡದ ಆ ಬದಿಯಿಂದ ತಮಟೆ ಶುರುವಾಯಿತು. ತಮಟೆ, ಎಣ್ಣೆ ಡಬ್ಬ, ಕೂಗು, ಶಿಳ್ಳೆ, ಎಲ್ಲ ಕೂಡಿ ಮೆಲ್ಲಗೆ ಮೇಲೆ ಹತ್ತಿ ನಮ್ಮ ಕಡೆ ಇಳಿಯತೊಡಗಿತು. ಮೊದಲು ನಾಲ್ಕು ಗೌಜಲಹಕ್ಕಿ ತಲೆಯ ಮೇಲೆ ಹಾರಿದವು. ಒಂದು ಮುಂಗುಸಿ ಬಂಡೆಯ ಮೇಲೆ ಬಂದು ನನ್ನನ್ನು ನೋಡಿ ಬೇರೆ ದಾರಿ ಹಿಡಿಯಿತು. ಆಮೇಲೆ ಮೊಲ ಬಂತು.

ಓಡಿ ಬರುತ್ತದೆ ಎಂದುಕೊಂಡಿದ್ದೆ. ಅದು ನಡೆದೇ ಬಂತು. ನಾಲ್ಕು ಹೆಜ್ಜೆ ಇಡುವುದು, ಕಿವಿ ತಿರುಗಿಸಿ ಹಿಂದಿನ ಸದ್ದು ಕೇಳುವುದು, ಮತ್ತೆ ನಾಲ್ಕು ಹೆಜ್ಜೆ. ಬಲೆಗೆ ಎರಡು ಮಾರು ಇರುವಾಗ ಯಾರೋ ಡಬ್ಬ ಜೋರಾಗಿ ಬಡಿದರು. ಅದು ತಲೆ ತಗ್ಗಿಸಿ ನೆಲಕ್ಕೆ ಅಂಟಿದಂತೆ ನುಗ್ಗಿತು, ಕೆಳಗೆ ದಾರಿ ಇದೆ ಎಂದು ಗೊತ್ತಿದ್ದಂತೆ. ದಾರಿ ಇರಲಿಲ್ಲ. ಬಲೆ ಕವಲುಗಳಿಂದ ಕಳಚಿ ಅದರ ಮೇಲೆ ಬಿತ್ತು.

ಅದು ಕಿರುಚಿತು. ಮೊಲಕ್ಕೆ ದನಿಯಿದೆ ಎಂದೇ ನನಗೆ ತಿಳಿದಿರಲಿಲ್ಲ. ಎಳೆಮಗುವಿನ ಕೂಗು ಅದು. ಹೊರಳಿದಷ್ಟೂ ಹುರಿ ಕಾಲಿಗೆ ಸುತ್ತಿಕೊಂಡಿತು. ನಾನು ಎದ್ದು ನಿಂತೆ, ಅಷ್ಟೇ. ಮುಟ್ಟಬೇಕೋ, ಕೂಗಬೇಕೋ, ವಾಚರನನ್ನು ಕರೆಯಬೇಕೋ ಗೊತ್ತಾಗಲಿಲ್ಲ. ಕೈ ಮುಂದಕ್ಕೆ ಹೋಗಲಿಲ್ಲ. ಹೆದರಿಕೆ ಎಂದರೆ ಹೆದರಿಕೆಯೇ, ಬೇರೆ ಹೆಸರಿಡುವುದಿಲ್ಲ.

ಹಿಂದಿನಿಂದ ಯಾರೋ ಓಡಿ ಬರುವ ಸದ್ದಾಯಿತು. ಭಾಗ್ಯ. ಬರಿಗಾಲು, ಚೂಡಿದಾರದ ಅಂಚಿಗೆಲ್ಲ ಮುಳ್ಳು. ಬಂದವಳೇ ಹೆಗಲ ಮೇಲಿನ ವೇಲನ್ನು ತೆಗೆದು ಮೊಲದ ಕಣ್ಣ ಮೇಲೆ ಹಾಕಿ, ಎರಡೂ ಕೈಯಿಂದ ಮೈ ಅದುಮಿ ಹಿಡಿದಳು. ಕಣ್ಣು ಮುಚ್ಚಿದೊಡನೆ ಕಿರುಚಾಟ ನಿಂತಿತು.

‘ಕೊಡಲಾ ಚಾಕು? ಕೊಯ್ದುಬಿಡು’ ಎಂದೆ. ಜೇಬಿನಲ್ಲಿ ಹಣ್ಣಿನ ಚಾಕು ಇತ್ತು.

‘ಬ್ಯಾಡ ಮಾವ! ನಮ್ಮಪ್ಪನ ಬಲೆ!’

ಒಂದೊಂದೇ ಕಾಲು. ಮುಂಗಾಲು ಎರಡು ಬೇಗ ಬಂದವು. ಹಿಂಗಾಲಿಗೆ ಹುರಿ ಮೂರು ಸುತ್ತು ಬಿದ್ದಿತ್ತು, ಹಲ್ಲಿನಿಂದ ಕಚ್ಚಿ ಸಡಿಲಿಸಿದಳು. ಮೊಲ ಒಂದು ಸಲ ಒದೆಯಿತು, ಅವಳ ಮುಂಗೈ ಉದ್ದಕ್ಕೂ ಗೀರಿ ರಕ್ತ ಬಂತು. ಅವಳು ಕೈ ಬಿಡಲಿಲ್ಲ. ಬಿದ್ದ ರಕ್ತ ಅವಳದು, ಮೊಲದ್ದಲ್ಲ. ಕೊನೆಯ ಸುತ್ತು ಬಿಚ್ಚಿ, ಕಾಲು ಮುರಿದಿದೆಯೇ ಎಂದು ಬೆರಳಾಡಿಸಿ ನೋಡಿ, ವೇಲು ಎಳೆದುಕೊಂಡಳು. ಮೊಲ ಒಂದು ಗಳಿಗೆ ಅಲ್ಲೇ ಕುಳಿತಿತ್ತು. ಆಮೇಲೆ ಕಬ್ಬಿನ ಗದ್ದೆಯ ಕಡೆಗೆ ಹೋದದ್ದು ನನ್ನ ಕಣ್ಣಿಗೆ ಕಾಣಲೂ ಇಲ್ಲ.

ಅವಳು ನೆಲದ ಮೇಲೆ ಕುಳಿತು ಏದುಸಿರು ಬಿಡುತ್ತಲೇ ಹೇಳಿದಳು. ಬಸವನ ಕಲ್ಲಿನ ಹತ್ತಿರ ಜಯಮ್ಮ ಹೆಮ್ಮೆಯಿಂದ ‘ನಮ್ಮಪ್ಪನಂಗೇ ನೆಲ ಕಚ್ಚಿಸಿ ಕಟ್ಟೋದು ಕಲ್ಸಿವ್ನಿ ಕಣಮ್ಮಿ’ ಎಂದಳಂತೆ. ಅದನ್ನು ಕೇಳಿದ್ದೇ ಭಾಗ್ಯ ಕಲ್ಲು ದಾಟಿ ಓಡಿ ಬಂದಿದ್ದಳು. ಕಾನೂನು ಬಿಗಿಯಾದ ಮೇಲೆ ಊರವರು ಕಟ್ಟುವ ರೀತಿಯನ್ನೇ ಬದಲಿಸಿಬಿಟ್ಟಿದ್ದರು. ಈಗ ಮೇಲಿನ ಹುರಿಯನ್ನು ಕವೆಗೋಲಿಗೆ ಬಿಗಿದು, ಕೆಳಗೆ ನೆಲದಿಂದ ಒಂದು ಗೇಣು ಬಿಟ್ಟು ಕಟ್ಟುತ್ತಾರೆ. ಮೊಲ ಆ ಗೇಣಿನಲ್ಲಿ ನುಸುಳಿ ಹೋಗುತ್ತದೆ. ಯಾರ ಬಲೆಯ ಕೆಳಗೆ ನುಸುಳಿತೋ ಅವರು ಹಿಡಿದ ಹಾಗೆ. ವಾಚರ್ ಕೈಯಾಡಿಸಿ ನೋಡುತ್ತಿದ್ದದ್ದು ಆ ಗೇಣನ್ನು. ಜಯಮ್ಮನಿಗೆ ಇದು ಗೊತ್ತಿರಲು ಸಾಧ್ಯವಿರಲಿಲ್ಲ, ಬದಲಾಗುವ ಮೊದಲೇ ನನ್ನನ್ನು ಕಟ್ಟಿಕೊಂಡು ಊರು ಬಿಟ್ಟಿದ್ದಳು. ಊರಿನವರು ಹೇಳಲಿಲ್ಲ, ಏಕೆಂದರೆ ಇದು ಗೊತ್ತಿಲ್ಲದವರೂ ಇರುತ್ತಾರೆ ಎಂದು ಅವರಿಗೆ ಹೊಳೆಯಲೇ ಇಲ್ಲ. ಹೆಂಗಸರು ಸಾಲಿಗೆ ಬರುವಂತಿಲ್ಲದಿದ್ದರೂ ಭಾಗ್ಯ ಪ್ರತಿವರ್ಷ ಅಪ್ಪ ಹಿತ್ತಲಲ್ಲಿ ಅಳತೆ ನೋಡುವುದನ್ನು ನೋಡಿ ಬೆಳೆದವಳು.

ಕಿರುಚಾಟ ಕೇಳಿ ಬೋರೇಗೌಡರು ಕೋಲೂರಿಕೊಂಡು ಬಂದರು. ಬಿದ್ದ ಬಲೆ ನೋಡಿದರು, ನೆಲ ಕಚ್ಚಿದ ಗೂಟ ನೋಡಿದರು, ಭಾಗ್ಯಳನ್ನು ನೋಡಿದರು. ‘ಕಲ್ಲುತ್ತವ ಬನ್ನಿ’ ಎಂದು ತಿರುಗಿದರು.

ಬಸವನ ಕಲ್ಲಿನ ಸುತ್ತ ಊರೇ ನಿಂತಿತ್ತು. ಜಯಮ್ಮನ ಮುಖ ಬಿಳಿಚಿಕೊಂಡಿತ್ತು. ವಾಚರ್ ಬಂದು ಬಲೆಯನ್ನು ಹರಡಿ ನೋಡಿ, ‘ಕೂದ್ಲು ಅದೆ, ರಕ್ತ ಇಲ್ಲ. ಪ್ರಾಣಿ ಎಲ್ಲಿ?’ ಎಂದ. ‘ಓಯ್ತು ಅಣ್ಣ, ಕಾಲು ಮುರ್ದಿಲ್ಲ, ನಾನೇ ನೋಡ್ದೆ’ ಎಂದಳು ಭಾಗ್ಯ. ಅವನು ಅವಳ ಮುಂಗೈ ನೋಡಿ, ‘ಇಂಜಕ್ಷನ್ ಆಕುಸ್ಕಮ್ಮ. ಮುಂದ್ಲೊರ್ಸ ಎಲ್ಲಾ ಬಲೇನೂ ನೋಡ್ತೀನಿ’ ಎಂದು ಹಿಂದೆ ಸರಿದ.

ಗುಂಪಿನಲ್ಲಿ ಒಬ್ಬ, ‘ಎಂಗ್ಸು ಕಲ್ಲು ದಾಟವ್ಳಲ್ಲ, ಅದುಕ್ಕೇನು?’ ಎಂದ.

ಬೋರೇಗೌಡರು ಅವನ ಕಡೆ ತಿರುಗಿದರು. ‘ದಾಟಬಾರ್ದು ಅಂತ ಅದೆ ಕಣ್ಲಾ. ದಾಟುದ್ರೆ ಏನು ತಪ್ಪು ಕಟ್ಟಬೇಕು ಅಂತ ಯಾರೂ ಯೋಳಿಲ್ಲ. ನೀ ಯೋಳೀಯಾ? ಸುಮ್ಕಿರು.’ ಆಮೇಲೆ ನನ್ನ ಕಡೆ ನೋಡಿದರು. ‘ನೆಲ ಕಚ್ಚಿಸಿ ಕಟ್ಟಿದೋನು ಇನ್ನು ಈ ಊರ ಬಲೆ ಮುಟ್ಟಂಗಿಲ್ಲ, ಇವತ್ತು ಬಾಡು ಉಣ್ಣಂಗಿಲ್ಲ. ಅದು ಊರ ಕಟ್ಟು. ಆದ್ರೆ ಅಳಿಯಂದ್ರೇ, ಗೂಟ ಸಡ್ಲ ಆಗಿ ಬಲೆ ತಾನೇ ಜಾರ್ತು ಅಂತ ನೀವು ಅಂದ್ರೆ ಅದೇ ಸಾಕ್ಷಿ. ಬುಡ್ಸಿದ್ದೂ ನೀವೇ ತಾನೆ? ನಿಮ್ ಕೈ ತಾನೆ ಮೊದ್ಲು ಬಿದ್ದುದ್ದು?’

ಅವರು ನನಗೆ ದಾರಿ ಮಾಡಿಕೊಡುತ್ತಿದ್ದರು. ಮುದುಕರು ಒಳ್ಳೆಯವರು. ಹೂಂ ಎಂದರೆ ಬಲೆ ನನ್ನ ಹೆಸರಿಗೆ ಬರುತ್ತಿತ್ತು, ಮನೆಗೆ ಜಾಗ ಉಳಿಯುತ್ತಿತ್ತು, ನನಗೆ ಬಾಡು ಸಿಗುತ್ತಿತ್ತು. ನನ್ನ ಮಾತನ್ನು ಎರಡನೇ ಸಲ ಕೇಳುವಂತಿರಲಿಲ್ಲ. ಜಯಮ್ಮ ಕಣ್ಣಿನಲ್ಲೇ ಹೂಂ ಅನ್ನಿ ಎನ್ನುತ್ತಿದ್ದಳು. ಭಾಗ್ಯ ನೆಲ ನೋಡುತ್ತಿದ್ದಳು. ಮೂವತ್ನಾಲ್ಕು ವರ್ಷದಲ್ಲಿ ನನ್ನ ಮುಂದೆ ನಿಂತು ‘ಟಿಕೆಟ್ ಇತ್ತು ಸಾರ್, ಬಿದ್ದೋಯ್ತು’ ಎಂದವರೆಷ್ಟೋ ಜನ. ಒಬ್ಬನನ್ನೂ ನಾನು ಬಿಟ್ಟಿರಲಿಲ್ಲ.

‘ಕಟ್ಟಿದ್ದು ನಾನು. ನೆಲ ಕಚ್ಚಿಸಿಯೇ ಕಟ್ಟಿದೆ, ತಪ್ಪು ನನ್ನದು’ ಎಂದೆ. ‘ಮೊಲ ಬಿದ್ದಾಗ ನಾನು ಹೆದರಿ ನಿಂತಿದ್ದೆ. ಮುಟ್ಟಲಿಲ್ಲ. ಕೈ ಭಾಗ್ಯಳದು. ಮೊದಲಿನಿಂದ ಕೊನೆಯವರೆಗೂ ಅವಳದೇ.’

ಬೋರೇಗೌಡರು ಪೊರೆ ಬಂದ ಕಣ್ಣನ್ನು ಒರೆಸಿಕೊಂಡರು. ‘ನಮ್ಮಪ್ಪನ ಕಾಲ್ದಲ್ಲಿ ಕುರಿ ಕಾಯಕ್ ಬಂದಿದ್ದ ಪರಸ್ಥಳದೋನೊಬ್ಬುನ್ ಕೈ ಬಿತ್ತು. ಯಾರು ಏನು ಅಂತ ಕೇಳ್ಲಿಲ್ಲ, ತಲೆ ಅವುನ್ಗೇ ಕೊಟ್ರು’ ಎಂದರು. ‘ಕೈ ಅಂದ್ರೆ ಕೈ. ಗಂಡಸ್ನ ಕೈ ಅಂತ ಯಾರೂ ಯೋಳಿಲ್ಲ.’

ಮಧ್ಯಾಹ್ನ ಗುಡಿಯ ಮುಂದಿನ ಬಯಲಿನಲ್ಲಿ ಮುತ್ತುಗದ ಎಲೆಗಳ ಮೇಲೆ ಗುಡ್ಡೆ ಹಾಕಿದರು. ಬಸುರಿಯರ ಗುಡ್ಡೆ ಬೇರೆಯಾಗಿ, ನಾಯಿಗಳ ಗುಡ್ಡೆ ಇನ್ನೊಂದು ಕಡೆ. ಬೋರೇಗೌಡರು ಸಾಲಿನ ಮೊದಲಿನಿಂದ ಹೆಸರು ಕೂಗುತ್ತ ಬಂದರು. ಹನ್ನೊಂದು ಮನೆ ಆಯಿತು. ಹನ್ನೆರಡನೆಯದಕ್ಕೆ ಒಂದು ಗಳಿಗೆ ಸುಮ್ಮನಾದರು. ಭಾಗ್ಯ ಅತ್ತೆಯ ಕೈ ಹಿಡಿದುಕೊಂಡಳು.

‘ಸಿದ್ದೇಗೌಡನ ಮಗಳು ಭಾಗ್ಯನ ಬಲೆ! ತಲೆ ಪಾಲು!’

ಅವಳು ಹೋಗಿ ಎರಡೂ ಕೈಯೊಡ್ಡಿ ಎಲೆ ತೆಗೆದುಕೊಂಡಳು. ಮುಂಗೈಗೆ ಸುತ್ತಿದ್ದ ವೇಲು ಬಿಚ್ಚಿ ಜೋಲಾಡುತ್ತಿತ್ತು. ಜಯಮ್ಮ ಬಿಕ್ಕಿ ಬಿಕ್ಕಿ ಅತ್ತಳು. ನಾನು ಬಿಸಿಲಿನ ನೆಪ ಮಾಡಿ ಆ ಕಡೆ ತಿರುಗಿದೆ.

ಆ ದಿನ ಊರೆಲ್ಲ ಬಾಡು ಉಂಡಿತು. ನಾನು ಜಗುಲಿಯ ಮೇಲೆ ಒಬ್ಬನೇ ಕುಳಿತು ಮುದ್ದೆಗೆ ಉಪ್ಸಾರು ಖಾರ ನೆಂಚಿಕೊಂಡೆ. ತಲೆ ಮಾಂಸದ ಘಮ ಒಳಗಿನಿಂದ ಬರುತ್ತಿತ್ತು. ಬದುಕಿನಲ್ಲಿ ನನಗೆ ಬಿದ್ದ ಮೊದಲ ದಂಡ ಅದು. ಜಯಮ್ಮ ಬಾಗಿಲಿಗೆ ಬಂದು ‘ಪಾಠ ಹೇಳ್ಕೊಟ್ಟೋಳು ನಾನು, ಉಪ್ಸಾರು ನಿಮ್ಗೆ’ ಎಂದು ನಕ್ಕಳು. ತಟ್ಟೆಯಲ್ಲಿ ತನಗೂ ಉಪ್ಸಾರನ್ನೇ ಹಾಕಿಕೊಂಡು ಬಂದು ಪಕ್ಕದಲ್ಲಿ ಕುಳಿತಳು.

ಮಾರನೆಯ ಬೆಳಿಗ್ಗೆ ಭಾಗ್ಯ ತನ್ನ ಗಾಡಿಯಲ್ಲಿ ನಮ್ಮನ್ನು ಒಬ್ಬೊಬ್ಬರನ್ನಾಗಿ ಬೆಳಕವಾಡಿಗೆ ಬಿಡುವುದೆಂದಾಯಿತು. ಮೊದಲು ಜಯಮ್ಮ ಹೋದಳು. ನಾನು ಚೀಲ ಹಿಡಿದು ಅಂಗಳದಲ್ಲಿ ಕಾದೆ. ಭಾಗ್ಯ ಹಿಂತಿರುಗಿ ಬಂದು, ‘ಒಂದೈದು ನಿಮ್ಸ ಮಾವ’ ಎಂದು ಒಳಗೆ ಹೋದಳು. ಸುತ್ತಿಗೆಯ ಸದ್ದು ಕೇಳಿತು. ಬಲೆಯನ್ನು ಎತ್ತಿಡುವುದಕ್ಕೆ ಸ್ಟೂಲು ಬೇಕಲ್ಲ ಎಂದು ಸುತ್ತ ನೋಡಿದೆ. ಸ್ಟೂಲು ಹೊರಗೆ ಕೊಟ್ಟಿಗೆಯಲ್ಲಿ, ಹಸುವಿನ ಪಕ್ಕದಲ್ಲಿತ್ತು. ಅದರ ಮೇಲೆ ಹಾಲಿನ ಕ್ಯಾನು ಇಟ್ಟಿದ್ದಳು.

ಬಾಗಿಲಿನಿಂದ ಇಣುಕಿದೆ. ಅಪ್ಪನ ಗೂಟ ತೊಲೆಯ ಹತ್ತಿರ ಮೇಲೆ ಖಾಲಿಯಾಗಿ ನಿಂತಿತ್ತು. ಅದರಿಂದ ಎರಡು ಮೊಳ ಕೆಳಗೆ, ತನ್ನ ಹೆಗಲಿನ ಸಮಕ್ಕೆ, ಭಾಗ್ಯ ಹೊಸ ಗೂಟ ಹೊಡೆದಿದ್ದಳು. ಬಲೆಯನ್ನು ಎತ್ತಿ ಅದಕ್ಕೆ ಹಾಕಿ, ಕೈ ಕೊಡವಿಕೊಂಡು, ‘ನಡೀರಿ ಮಾವ, ಬಸ್ಸು ಓಗ್ಬುಡ್ತದೆ’ ಎಂದಳು.